ದೊಡ್ಡಕ್ಕ ಬಂದರೆ ನಿಲ್ಲದ ಗಿರಣಿ

ನಮ್ಮ ಅತ್ತೆಯವರು ಹಿಟ್ಟಿನ ಗಿರಣಿಯನ್ನು ಕಿವಿಯಿಂದಲೇ ನಡೆಸುತ್ತಿದ್ದರು. ಒಳಗೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರೂ ಹೊರಗಿನ ಸದ್ದು ಒಂದಿಷ್ಟು ಬದಲಾದರೆ ಸಾಕು, ಅಲ್ಲಿಂದಲೇ ಕೂಗುತ್ತಿದ್ದರು: "ಕಾಳ ಮುಗದಾವ ನೋಡ್ರವಾ, ಕಲ್ಲ ಖಾಲಿ ತಿರಗಾಕತ್ತೈತಿ!"

ನಾನು ಇಂಡಿ ಪಟ್ಟಣದಿಂದ ಲಗ್ನವಾಗಿ ಹೂವಿನ ಹಿಪ್ಪರಗಿಯ ಆ ಮನೆಗೆ ಬಂದಾಗ ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಮಾವನವರದು ಹೊಲದ ಕೆಲಸ. ನನ್ನ ಗಂಡ ಬಸ್ಸಿನ ಕಂಡಕ್ಟರ್. ತಾಳಿಕೋಟೆ, ಮುದ್ದೇಬಿಹಾಳ ಅಂತ ದಿನವಿಡೀ ಓಡಾಟ. ಗಿರಣಿ ಮಾತ್ರ ಪೂರಾ ಅತ್ತೆಯವರದು. ಹತ್ತನೆಯ ಇಯತ್ತೆ ಪಾಸಾಗಿ ಬಂದ ಸೊಸೆಯನ್ನು ಅವರು ಮೊದಲ ವಾರವೇ ಅಡುಗೆಮನೆಯಿಂದ ಎಬ್ಬಿಸಿ ಗಿರಣಿಗೆ ಕರೆದೊಯ್ದರು. "ನಿನ್ನ ರೊಟ್ಟಿ ನೋಡೇನಿ. ನೀ ಇಲ್ಲೇ ಇರು," ಅಂದರು. ನನಗೂ ಅದೇ ಬೇಕಿತ್ತು. ತವರಿನಲ್ಲಿ ಗಡಿಯಾರ ಬಿಚ್ಚಿ ಬೈಸಿಕೊಂಡಿದ್ದ ಹುಡುಗಿ ನಾನು.

ಮನೆಯ ಬೀದಿ ಕಡೆಯ ಉದ್ದನೆಯ ಕೋಣೆಯೇ ಗಿರಣಿ. ನೆಲದ ಮೇಲೆ ಮೋಟಾರು, ಅದರಿಂದ ಬೀಸುವ ಕಲ್ಲಿನವರೆಗೆ ಅಗಲವಾದ ಪಟ್ಟಾ, ಮೂಡಣ ಗೋಡೆಯ ಮೇಲೆ ಕಪ್ಪು ಕಬ್ಬಿಣದ ಸ್ಟಾರ್ಟರ್ ಪೆಟ್ಟಿಗೆ. ಅದರಲ್ಲಿ ಎರಡು ಗುಂಡಿ. ಹಸಿರು ಒತ್ತಿದರೆ ಮೋಟಾರು ತಿರುಗಬೇಕು, ಕೆಂಪು ಒತ್ತಿದರೆ ನಿಲ್ಲಬೇಕು. ಕರೆಂಟು ಹೊಡೆಯುತ್ತದೆಂಬ ಅಂಜಿಕೆಗೆ ಆ ಪೆಟ್ಟಿಗೆಯ ಹತ್ತಿರ ಯಾವ ಹೆಂಗಸೂ ನಿಲ್ಲುತ್ತಿರಲಿಲ್ಲ. ಎಲ್ಲರೂ ಬುಟ್ಟಿಗಳನ್ನು ಸಾಲಾಗಿ ಇಟ್ಟು ಬಾಗಿಲ ಕಡೆ ಕೂಡುತ್ತಿದ್ದರು. ಅಲ್ಲಿ ಹರಟೆ, ನಗು, ಹಿಟ್ಟಿನ ಧೂಳು. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಹುಬ್ಬೂ ಬೆಳ್ಳಗೆ. ಇಪ್ಪತ್ತರ ಹುಡುಗಿಯರೂ ಮುದುಕಿಯರಾಗಿ ಕಾಣುತ್ತಿದ್ದರು.

ನಾನು ಬಂದ ಮರುವರ್ಷ, ಸಂಕ್ರಾಂತಿ ಕಳೆದು ಹೊಸ ಜೋಳ ಮನೆಗಳಿಗೆ ಬರತೊಡಗಿದಾಗ ಗಿರಣಿಗೆ ರೋಗ ಬಂತು. ಚೆನ್ನಾಗಿ ತಿರುಗುತ್ತಿದ್ದ ಹಾಗೆಯೇ ಪೆಟ್ಟಿಗೆಯೊಳಗೆ "ಟಕ್" ಅಂತು. ಪಟ್ಟಾ ಸಡಿಲಾಯಿತು, ಕಲ್ಲು ಒಮ್ಮೆ ನರಳಿ ನಿಂತಿತು. ಕರೆಂಟು ಹೋಯಿತೇ ಎಂದು ನೋಡಿದರೆ ತಲೆಯ ಮೇಲಿನ ಬಲ್ಬು ಉರಿಯುತ್ತಲೇ ಇದೆ. ಹಸಿರು ಗುಂಡಿ ಒತ್ತಿದರೆ ಉತ್ತರವಿಲ್ಲ. ಒಂದು ಎಲೆ-ಅಡಿಕೆ ಜಗಿಯುವಷ್ಟು ಹೊತ್ತು ಬಿಟ್ಟು ಒತ್ತಿದರೆ ಏನೂ ಆಗದವರ ಹಾಗೆ ಮತ್ತೆ ತಿರುಗಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಕ್. ಮರುದಿನ ಒಮ್ಮೆಯೂ ನಿಲ್ಲಲಿಲ್ಲ. ಅದರ ಮರುದಿನ ಮೂರು ಸಲ. ಆಮೇಲೆ ಒಂದು ವಾರ ಸುಮ್ಮನಿದ್ದು ಮತ್ತೆ ಶುರು. ಆಗ ಕರೆಂಟು ಒಂದು ವಾರ ಮುಂಜಾನೆ ಇದ್ದರೆ ಇನ್ನೊಂದು ವಾರ ಮಧ್ಯಾಹ್ನ. ಗಿರಣಿಯೂ ಅದರ ಹಿಂದೆಯೇ ನಡೆಯಬೇಕಿತ್ತು. ಹಾಗಾಗಿ ಈ ರೋಗಕ್ಕೆ ಒಂದು ಹೊತ್ತು ಗೊತ್ತು ಇದೆಯೆಂದು ಯಾರಿಗೂ ಹೊಳೆಯಲಿಲ್ಲ.

ಲೈನ್‌ಮನ್ ಬಂದು ಫ್ಯೂಸ್ ಕಿತ್ತು ನೋಡಿ, ಮತ್ತೆ ಸಿಗಿಸಿ, "ನಮ್ಮ ಕಡಿಂದ ಎಲ್ಲಾ ಬರೋಬ್ಬರಿ ಐತ್ರಿ," ಅಂದು ಹೋದ. ಮಾವನವರು ಪಟ್ಟಾ ಬದಲಿಸಿದರು. ಅತ್ತೆಯವರು ಕಲ್ಲನ್ನು ಹೊಸದಾಗಿ ಕಟೆಸಿದರು, ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಗಿರಣಿ ಯಾವುದಕ್ಕೂ ಬಗ್ಗಲಿಲ್ಲ.

ಎದುರುಮನೆಯ ಚಿಗವ್ವನಿಗೆ ಮಾತ್ರ ಕಾರಣ ಗೊತ್ತಿತ್ತು. ಊರಿನ ಯಾವ ಸುದ್ದಿಯೂ ಆಕೆಯನ್ನು ಕೇಳದೆ ಬೀದಿ ದಾಟುತ್ತಿರಲಿಲ್ಲ. ಒಂದು ದಿನ ಗಿರಣಿ ನಿಂತಾಗ ಎಲ್ಲರಿಗೂ ಕೇಳುವ ಹಾಗೆ ಅಂದಳು: "ಹೊಸಾ ಸೊಸಿ ಬಂದ ಮ್ಯಾಲ ಶುರು ಆಗೇತಿ ನೋಡ್ರಿ. ಕಾಲಗುಣ ಅಂತಾರಲ್ಲ, ಅದು."

ನನ್ನ ಮುಖ ಬಿಸಿಯಾಯಿತು. ಆದರೆ ಅತ್ತೆಯವರು ಒಳಗಿನಿಂದಲೇ ಕೇಳಿಸಿಕೊಂಡಿದ್ದರು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು.

"ಅಕಿ ಬಂದು ವರ್ಷಾತು. ವರ್ಷತನಕ ಕಾಲು ಎಲ್ಲಿ ಇಟ್ಟಿದ್ಳು, ತಲಿ ಮ್ಯಾಲ? ಕಾಲಗುಣ ನೋಡೂದಾದ್ರ ನೀ ದಿನಾ ಬರ್ತೀಯಲ್ಲ, ಮೊದಲ ನಿಂದು ನೋಡೂಣು!"

ಎಲ್ಲರೂ ಗೊಳ್ಳೆಂದು ನಕ್ಕರು. ಚಿಗವ್ವನೂ ನಕ್ಕಳು. ಆಕೆಯ ದೊಡ್ಡ ಗುಣವೆಂದರೆ ಸೋತಾಗ ಗೆದ್ದವರಿಗಿಂತ ಜೋರಾಗಿ ನಗುವುದು.

ಕೊನೆಗೆ ನನ್ನ ಗಂಡ ಮೋಟಾರನ್ನು ಬಿಚ್ಚಿಸಿ, ತಾನೇ ಹೋಗುವ ಬಸ್ಸಿನ ಮೇಲೆ ಹಾಕಿಸಿ ತಾಳಿಕೋಟೆಗೆ ಒಯ್ದ. ಅಲ್ಲಿ ಮೋಟಾರು ವೈಂಡಿಂಗ್ ಮಾಡುವ ಒಬ್ಬ ಹಿರಿಯ ಮಿಸ್ತ್ರಿ ಇದ್ದರು. ಆ ಸಾಬರ ಅಂಗಡಿಯಲ್ಲಿ ತಾಮ್ರದ ತಂತಿಯ ಸುರುಳಿಗಳ ನಡುವೆ ಒಬ್ಬರು ಕೂಡುವಷ್ಟೇ ಜಾಗ. ಮೂರು ದಿನದ ಮೇಲೆ ಮೋಟಾರು ಮರಳಿ ಬಂತು. ಜೊತೆಗೆ ಮಿಸ್ತ್ರಿಯ ಮಾತನ್ನು ಗಂಡ ಅವರದೇ ದನಿಯಲ್ಲಿ ಹೇಳಿದ: "ಇಡೀ ದಿನ ಓಡಿಸೇನಿ, ಒಂದ ಸಲಾನೂ ನಿಂದ್ರಲಿಲ್ಲ. ಮೋಟಾರ ಗಟ್ಟಿ ಐತಿ. ರೋಗ ನಿಮ್ಮ ಮನ್ಯಾಗ ಐತಿ. ಯಾವಾಗ ನಿಂದರತೈತಿ, ಆವಾಗ ಏನೇನ ಇತ್ತು, ಎಲ್ಲಾ ಬರದ ಇಡ್ರಿ. ಬರೀಲಾರದ ನನ್ನ ಕರೀಬ್ಯಾಡ್ರಿ."

ಬರೆಯುವುದು ನನ್ನ ಪಾಲಿಗೆ ಬಂತು. ಬಾಗಿಲ ಹಿಂಬದಿಗೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದೆ. ಒಳಗಿನ ಗಡಿಯಾರವನ್ನು ತಂದು ಗಿರಣಿಯಲ್ಲಿಟ್ಟೆ. ನಿಂತ ಹೊತ್ತು, ಕಲ್ಲಿನಲ್ಲಿದ್ದದ್ದು ಜೋಳವೋ ಗೋದಿಯೋ ಸಜ್ಜೆಯೋ, ಬಲ್ಬು ಝಗ್ಗನೆ ಉರಿಯುತ್ತಿತ್ತೋ ಮಂಕಾಗಿತ್ತೋ, ಯಾರು ಯಾರು ಕೂತಿದ್ದರು, ಎಲ್ಲ ಬರೆದೆ. ನಿಲ್ಲದ ದಿನಗಳಲ್ಲೂ ಬರೆದೆ. ಚಿಗವ್ವನಿಗೆ ಓದು ಬಾರದು. ದಿನಾ ಬಂದವಳೇ ಮೊದಲು ಕೇಳುತ್ತಿದ್ದಳು: "ನಿನ್ನೀದು ಓದವಾ, ಕೇಳೂಣು." ನಾನು ಓದುವಾಗ ಹೆಂಗಸರೆಲ್ಲ ಕಥೆ ಕೇಳುವ ಹಾಗೆ ಸುಮ್ಮನಾಗುತ್ತಿದ್ದರು. ತಮ್ಮ ಹೆಸರು ಬಂದಾಗ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದರು.

ಎರಡು ವಾರ ಹೀಗೆ ಓದಿಸಿಕೊಂಡ ಮೇಲೆ ಚಿಗವ್ವ ಒಮ್ಮೆಲೇ ತೊಡೆ ತಟ್ಟಿದಳು. "ತಡಿ ತಡಿ! ನಿಂತ ದಿನದಾಗ ದೊಡ್ಡಕ್ಕನ ಹೆಸರ ಒಂದ ಸಲಾನೂ ಬಂದಿಲ್ಲಲ್ಲ!"

ನಾನು ತಿರುತಿರುಗಿ ನೋಡಿದೆ. ನಿಜ. ದೊಡ್ಡಕ್ಕ ಬಂದ ಹೊತ್ತಿನಲ್ಲಿ ಗಿರಣಿ ಒಮ್ಮೆಯೂ ನಿಂತಿರಲಿಲ್ಲ.

ದೊಡ್ಡಕ್ಕ ಊರ ಅಂಚಿನಲ್ಲಿ ಕುರಿ ಸಾಕಿಕೊಂಡಿದ್ದ ಹೆಂಗಸು. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರಬೇಕಾದಷ್ಟು ಎತ್ತರ, ಅದಕ್ಕೆ ತಕ್ಕ ಅಗಲ, ಹೆಗಲ ಮೇಲೆ ಯಾವಾಗಲೂ ಒಂದು ಕಂಬಳಿ. ಲಗ್ನವಾದ ವರ್ಷವೇ ಗಂಡ ತೀರಿಕೊಂಡಿದ್ದ. ಅಂದಿನಿಂದ, ಶುಭಕಾರ್ಯಕ್ಕೆ ಹೊರಟವರು ಆಕೆ ಎದುರಾದರೆ ಮನೆಗೆ ಮರಳಿ, ನೀರು ಕುಡಿದು ಹೊರಡುತ್ತಿದ್ದರು. ಅದು ಗೊತ್ತಿದ್ದ ಆಕೆ ಮುಂದಿನ ಬೀದಿ ಬಿಟ್ಟು ಮನೆಗಳ ಹಿಂದಿನ ಹಾದಿ ಹಿಡಿದು ನಡೆಯುತ್ತಿದ್ದಳು. ಗಿರಣಿಗೆ ಬಂದರೂ ಗುಂಪಿನಲ್ಲಿ ಕೂಡುತ್ತಿರಲಿಲ್ಲ. ಯಾರೂ ನಿಲ್ಲದ ಮೂಡಣ ಗೋಡೆಯ ಹತ್ತಿರ, ಪೆಟ್ಟಿಗೆಗೆ ಬೆನ್ನು ಕೊಟ್ಟು, ಬುಟ್ಟಿಯನ್ನು ತಲೆಯಿಂದ ಇಳಿಸದೆ ನಿಂತಿರುತ್ತಿದ್ದಳು. "ಇಳಿಸಿ ಮತ್ತ ಎತ್ತೂದು ಯಾಂವ ಮಾಡತಾನ?" ಅನ್ನುತ್ತಿದ್ದಳು.

ಅಂಥ ದೊಡ್ಡಕ್ಕನ ಕಾಲ್ಗುಣದಿಂದ ಗಿರಣಿ ನಡೆಯುತ್ತದೆ ಎಂಬ ಸುದ್ದಿಯನ್ನು ಚಿಗವ್ವ ಸಂಜೆಯೊಳಗೆ ಊರಿಗೆಲ್ಲ ಮುಟ್ಟಿಸಿದಳು. ಮೊದಮೊದಲು ಜನ ನಕ್ಕರು. ಆಮೇಲೆ ಮಧ್ಯಾಹ್ನ ಗಿರಣಿ ನಿಂತಾಗ ಯಾರೋ ಓಡಿ ಹೋಗಿ ಆಕೆಯನ್ನು ಕರೆತಂದರು. ಆಕೆ ಬಂದು ತನ್ನ ಜಾಗದಲ್ಲಿ ನಿಂತಳು. ಗಿರಣಿ ಮತ್ತೆ ನಿಲ್ಲಲಿಲ್ಲ. ಮರುದಿನವೂ ಹಾಗೆಯೇ ಆಯಿತು. ಆಮೇಲೆ ನಗುವವರು ಉಳಿಯಲಿಲ್ಲ. ಸುಣ್ಣದ ಗೆರೆಗಳನ್ನು ಎಳೆದವಳು ನಾನೇ ಆದರೂ ನನಗೂ ನಂಬಿಕೆ ಬಂತು. ಒಬ್ಬರು ಸಿಂದಗಿಗೆ ಹೆಣ್ಣು ನೋಡಲು ಹೊರಟವರು ಬಸ್ಸು ಹತ್ತುವ ಮುಂಚೆ ದೊಡ್ಡಕ್ಕನ ಮುಖ ನೋಡಿ ಹೋದರಂತೆ. ಹೆಣ್ಣು ಗೊತ್ತೂ ಆಯಿತಂತೆ. ದೊಡ್ಡಕ್ಕ ಈಗ ಮುಂದಿನ ಬೀದಿಯಲ್ಲೇ ನಡೆದು ಬರತೊಡಗಿದಳು. ಎರಡೂ ಬದಿಯ ಕಟ್ಟೆಗಳಿಂದ "ಬಾ ಯಕ್ಕಾ, ಕುಂದರು" ಅನ್ನುವವರೇ. ಆಕೆ ತುಟಿಯ ಒಂದು ಬದಿಯಲ್ಲಿ ಮಾತ್ರ ನಗುತ್ತ ಬರುತ್ತಿದ್ದಳು.

ಒಂದು ಮಧ್ಯಾಹ್ನ ಚಿಗವ್ವನಿಗೆ ಇನ್ನೊಂದು ಯೋಚನೆ ಬಂತು. ಗಿರಣಿ ನಡೆಸುವವಳನ್ನು ಗೋಡೆಗೆ ನಿಲ್ಲಿಸುವುದು ಚಂದವಲ್ಲವೆಂದು ಮನೆಯಿಂದ ಮಣೆ ತಂದು, ಬಾಗಿಲ ಹತ್ತಿರ ಗಾಳಿ ಬರುವಲ್ಲಿ ಹಾಕಿ, ಮೇಲೆ ಮಡಿಸಿದ ಕೌದಿ ಹಾಸಿದಳು. "ಇಲ್ಲಿ ಕುಂದರು ಯಕ್ಕಾ." ದೊಡ್ಡಕ್ಕ ಬೇಡವೆಂದರೂ ಬಿಡಲಿಲ್ಲ. ನಾಲ್ಕು ಜನ ಸೇರಿ ಬುಟ್ಟಿ ಇಳಿಸಿ ಕೂಡಿಸಿಯೇ ಬಿಟ್ಟರು. ನಾನು ಹಸಿರು ಗುಂಡಿ ಒತ್ತಿದೆ. ಕಲ್ಲು ತಿರುಗಿತು. ಎಲ್ಲರೂ ಹರಟೆಗೆ ಕೂತರು.

ಕಾಲು ಗಂಟೆ ಆಗಿತ್ತೋ ಇಲ್ಲವೋ, ಟಕ್.

ಕಲ್ಲು ನಿಂತಿತು. ಎಲ್ಲರೂ ದೊಡ್ಡಕ್ಕನನ್ನೇ ನೋಡುತ್ತಿದ್ದರು. ಆಕೆ ಯಾರ ಮುಖವನ್ನೂ ನೋಡಲಿಲ್ಲ. ಮೆಲ್ಲಗೆ ಎದ್ದು, ಕಂಬಳಿ ಸರಿಮಾಡಿಕೊಂಡು, ಬೀಸದ ಜೋಳದ ಬುಟ್ಟಿಗೆ ಬಗ್ಗಿದಳು. ಬಹಳ ವರ್ಷದಿಂದ ರೂಢಿಯಾದ ಕೆಲಸದ ಹಾಗೆ ಹೊರಡಲು ಸಿದ್ಧವಾದಳು. ನಾನು ಗಿರಣಿಯನ್ನು ಈಗಲೇ ನಡೆಸಿ ತೋರಿಸಬೇಕೆಂದು ಪೆಟ್ಟಿಗೆಯ ಕಡೆ ಓಡಿ ಅದರ ಮೇಲೆ ಕೈ ಊರಿದೆ. ಊರಿದವಳೇ "ಅವ್ವಾ!" ಎಂದು ಚೀರಿ ಕೈ ಹಿಂದೆ ಎಳೆದುಕೊಂಡೆ.

"ಕರೆಂಟ ಹೊಡೀತೇನು?" ಅತ್ತೆಯವರು ಓಡಿ ಬಂದರು.

ಕರೆಂಟಲ್ಲ. ಪೆಟ್ಟಿಗೆ ರೊಟ್ಟಿಯ ಹಂಚಿನ ಹಾಗೆ ಸುಡುತ್ತಿತ್ತು. ಆಗ ನೋಡಿದೆ: ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲಿನ ಒಂದು ಕೋಲು ಇಳಿದು ಬಂದು ನೇರವಾಗಿ ಕಪ್ಪು ಪೆಟ್ಟಿಗೆಯ ಮೇಲೆ ಬಿದ್ದಿತ್ತು. ಅದರೊಳಗೆ ಹಿಟ್ಟಿನ ಕಣಗಳು ಕುಣಿಯುತ್ತಿದ್ದವು.

"ಯಕ್ಕಾ, ಹೋಗಬ್ಯಾಡ," ಅಂದೆ. "ಒಂದೀಟ ನಿನ್ನ ಜಾಗಾಕ್ಕ ಬಂದು ನಿಂದ್ರು. ಬುಟ್ಟಿ ತಲಿ ಮ್ಯಾಲ ಇರ್ಲಿ."

ದೊಡ್ಡಕ್ಕ ಅನುಮಾನದಿಂದಲೇ ಬಂದು ಗೋಡೆಯ ಹತ್ತಿರ ನಿಂತಳು. ಬಿಸಿಲಿನ ಕೋಲು ಆಕೆಯ ಬುಟ್ಟಿ, ಹೆಗಲು, ಕಂಬಳಿಯ ಮೇಲೆ ಬಿತ್ತು. ಪೆಟ್ಟಿಗೆ ಪೂರ್ತಿ ನೆರಳಿಗೆ ಹೋಯಿತು. ನಾನು ಕಾದೆ. ಪೆಟ್ಟಿಗೆ ಮುಟ್ಟಿದೆ, ಮತ್ತೆ ಕಾದೆ, ಮತ್ತೆ ಮುಟ್ಟಿದೆ. ಆಮೇಲೆ ಗುಂಡಿ ಒತ್ತಿದರೆ ಗಿರಣಿ ಗುಡುಗಿ ತಿರುಗಿತು. ಬಿಸಿಲು ಗೋಡೆ ಹತ್ತಿ ಹೋಗುವವರೆಗೂ ನಿಲ್ಲಲಿಲ್ಲ.

ಚಿಗವ್ವ ಚಪ್ಪಾಳೆ ತಟ್ಟಿದಳು. "ನಾ ತಿಳೀಲಿಲ್ಲ ನೋಡ್ರಿ! ಗುಣ ಇರೂದು ನಿಂತ ಕಾಲಿಗೆ, ಕುಂತ ಕಾಲಿಗಲ್ಲ!"

ನಾನು ಮರುದಿನ ಮಧ್ಯಾಹ್ನ ಜನ ಸೇರುವ ಮೊದಲೇ ಬೀದಿಬಾಗಿಲು ಹಾಕಿಕೊಂಡು, ಪೆಟ್ಟಿಗೆಯ ಮೇಲೆ ಬೆಳಕಿಂಡಿಗೆ ಅಡ್ಡವಾಗಿ ಒಂದು ಗೋಣಿಚೀಲ ಇಳಿಬಿಟ್ಟು, ನಮ್ಮ ಮನೆಯ ಜೋಳವನ್ನೇ ಸುರಿದು ಗಿರಣಿ ಹಚ್ಚಿದೆ. ಅತ್ತೆ ಸೊಸೆ ಇಬ್ಬರೇ. ಬಿಸಿಲು ಬಂತು, ಚೀಲದ ಮೇಲೆ ಬಿತ್ತು, ಹೋಯಿತು. ಗಿರಣಿ ನಿಲ್ಲಲಿಲ್ಲ. ಅತ್ತೆಯವರು ಚೀಲ ನೋಡಿದರು, ಬೆಳಕಿಂಡಿ ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಅಲ್ಲ, ಅದಕ್ಕ ಮೊದಲ ತಗಡ ಮುಚ್ಚಿತ್ತಲ್ಲ? ದೀಪಾವಳಿಗೆ ಸುಣ್ಣಾ ಬಳಿವಾಗ, ಕತ್ತಲಿ ಆಕ್ಕೈತಿ, ಗಾಜ ಹಾಕಸ್ರಿ ಅಂದಾಕಿ ಯಾರು?"

"ನಾನಾ ರಿ," ಅಂದೆ.

ಅತ್ತೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗಲು ಶುರು ಮಾಡಿದವರು ಕಲ್ಲಿನ ಕಟ್ಟೆ ಹಿಡಿದು ಕೂತೇ ಬಿಟ್ಟರು. "ಹಂಗಾರ ಚಿಗವ್ವ ಸುಳ್ಳ ಹೇಳಿಲ್ಲ ಬಿಡು! ಸೊಸಿದಾ ಗುಣ!" ನನಗೂ ನಗು ತಡೆಯಲಾಗಲಿಲ್ಲ. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಸೂರ್ಯನ ದಾರಿ ಬೇರೆ ಇತ್ತು, ಬಿಸಿಲು ಗೋಡೆಯ ಬೇರೆ ಕಡೆ ಬೀಳುತ್ತಿತ್ತು. ಆಮೇಲೆ ದಿನದಿನಕ್ಕೆ ಸರಿದು ಪೆಟ್ಟಿಗೆಗೆ ಬಂದಿತ್ತು. ಮೋಡವಿದ್ದ ದಿನ, ಮುಂಜಾನೆಯಷ್ಟೇ ಕರೆಂಟಿದ್ದ ವಾರ, ದೊಡ್ಡಕ್ಕ ನಿಂತ ಹೊತ್ತು, ಇಷ್ಟರಲ್ಲಿ ಮಾತ್ರ ಗಿರಣಿ ನಿಲ್ಲುತ್ತಿರಲಿಲ್ಲ. ಬಾಗಿಲ ಹಿಂದಿನ ಬರಹವೆಲ್ಲ ಒಮ್ಮೆಲೇ ಅರ್ಥವಾಯಿತು.

ಅತ್ತೆಯವರು ಆಗಲೇ ಬೀದಿಗಿಳಿದು ಎಲ್ಲರಿಗೂ ಹೇಳಲು ಹೊರಟಿದ್ದರು. ನಾನು ಕೈ ಹಿಡಿದು ನಿಲ್ಲಿಸಿದೆ.

"ತಡೀರಿ ಅತ್ತಿ. ದೊಡ್ಡಕ್ಕನ ಗತಿ ಏನ್ರಿ? ಇಷ್ಟ ವರ್ಷದಾಗ ಈಗ ಮಂದಿ ಅಕಿನ್ನ ಕರದು ಮಾತಾಡಸಾಕತ್ತಾರ. ಅದು ಕಾಲಗುಣ ಅಲ್ಲ, ಬರೇ ನೆರಳ ಅಂದ್ರ ಮತ್ತ ಹಿಂದಿನ ಹಾದಿ ಹಿಡಸ್ತಾರ."

ಅತ್ತೆಯವರ ನಗು ನಿಂತಿತು. ಒಳಗೆ ಮರಳಿ ಬಂದು, "ಹಂಗಾರ ಮೊದಲ ಅಕಿಗೇ ಹೇಳಿ ಬಾ," ಅಂದರು. "ಅಕಿ ಬ್ಯಾಡಂದ್ರ ಈ ಮಾತ ಇಲ್ಲಿಗೇ ಬಿಡೂಣು. ಗೋಣಿಚೀಲಾ ತಗದ ಒಗಿಯೂಣು."

ಸಂಜೆಗೆ ಮುಂಚೆ ದೊಡ್ಡಕ್ಕನ ಮನೆಗೆ ಹೋದೆ. ಆಕೆ ಅಂಗಳದಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದಳು. ಹೇಗೆ ಶುರು ಮಾಡಬೇಕೋ ತಿಳಿಯದೆ ಮೊದಲು ಗಾಜು ಹಾಕಿಸಿದ ನನ್ನ ತಪ್ಪು ಹೇಳಿಕೊಂಡೆ. ಆಮೇಲೆ ಬಿಸಿಲು, ಪೆಟ್ಟಿಗೆ, ಆಕೆಯ ನೆರಳು, ಗೋಣಿಚೀಲ, ಎಲ್ಲ ಹೇಳಿದೆ. ಹೇಳುವಾಗ ತಲೆ ಎತ್ತಲಿಲ್ಲ. ಮುಗಿದ ಮೇಲೆ ನೋಡಿದರೆ ದೊಡ್ಡಕ್ಕನ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಹೆದರಿದೆ. ಆಕೆ ನಗುತ್ತಿದ್ದಳು. ತುಟಿಯ ಒಂದು ಬದಿಯಿಂದಲ್ಲ, ಬಾಯಿ ತುಂಬ. ಕುರಿಗಳು ತಿರುಗಿ ನೋಡುವ ಹಾಗೆ.

"ಅಂದ್ರ ಕಾಲಲ್ಲ, ನನ್ನ ಬೆನ್ನ!" ಅಂದಳು. "ಅಯ್ಯ ತಂಗಿ, ಇಷ್ಟ ದಪ್ಪ ಬೆನ್ನ ಕೊಟ್ಟಾನ ದೇವರು, ಎದಕ್ಕರ ಬಂತಲ್ಲ!"

"ಮಂದಿಗೆ ಹೇಳೂದು ಬ್ಯಾಡ ಅಂದ್ರ ಹೇಳಂಗಿಲ್ಲ ಯಕ್ಕಾ," ಅಂದೆ.

ದೊಡ್ಡಕ್ಕ ಉಣ್ಣೆ ಬದಿಗಿಟ್ಟಳು. "ಯಾಕ ಹೇಳಬಾರ್ದು? ಕಾಲಗುಣ ಅನ್ನೂದು ಮಂದಿ ಕೊಡೂದು. ಹದಿನಾರ ವರ್ಷದಾಕಿ ಇದ್ದಾಗ ಕೆಟ್ಟ ಕಾಲು ಅಂದ್ರು, ಈಗ ಛಲೋ ಕಾಲು ಅಂದ್ರು, ನಾಳಿ ಒಂದ ಕುರಿ ಸತ್ರ ಮತ್ತ ಕೆಟ್ಟದು ಅಂತಾರ. ಬೆನ್ನು ಹಂಗಲ್ಲ. ಬೆನ್ನು ನಂದು." ಆಮೇಲೆ ಕಣ್ಣು ಒರೆಸಿಕೊಂಡು, "ಕೆಟ್ಟ ಕಾಲು ಅನ್ನೂದೂ ಹಿಂಗಾ ಸುಳ್ಳ ಇದ್ದೀತು ಅಲ್ಲಾ?" ಅಂದಳು.

"ಹೌದ ಯಕ್ಕಾ," ಅಂದೆ. ಆಕೆ ಎದ್ದು ಒಂದು ಚೊಂಬು ಹಾಲು ಕಾಯಿಸಿ ಬೆಲ್ಲ ಹಾಕಿ ಕೊಟ್ಟಳು. ಇಬ್ಬರೂ ಕುಡಿದೆವು.

ಮರುದಿನ ಗಿರಣಿ ತುಂಬಿದ್ದಾಗ ದೊಡ್ಡಕ್ಕ ತಾನೇ ನಡುವೆ ನಿಂತು ಹೇಳಿದಳು. ಗೋಣಿಚೀಲ ತೆಗೆದು ತೋರಿಸಿದಳು, ಬಿಸಿಲು ಬಿದ್ದ ಪೆಟ್ಟಿಗೆಯ ಮೇಲೆ ಒಬ್ಬೊಬ್ಬರ ಕೈ ಹಿಡಿದು ಮುಟ್ಟಿಸಿದಳು. ಹೆಂಗಸರು "ಹಾಯ್" ಎಂದು ಕೈ ಕೊಡವಿ ನಗುತ್ತಿದ್ದರು. ಕರೆಂಟಿನ ಅಂಜಿಕೆ ಆ ದಿನವೇ ಅರ್ಧ ಹೋಯಿತು. ಚಿಗವ್ವ ಮಾತ್ರ ಕೈ ಮುಟ್ಟಿಸಿಕೊಂಡೂ ಒಪ್ಪಲಿಲ್ಲ. "ಬಿಸಿಲಿಗೆ ಅಡ್ಡ ನಿಂದ್ರಾಕ ನಾವೂ ಇದ್ವಿ. ನಮಗ್ಯಾಕ ಹೊಳೀಲಿಲ್ಲ? ಅಕಿಗೇ ಯಾಕ ಅಲ್ಲಿ ನಿಂದ್ರಬೇಕನಿಸ್ತು? ಅದಾ ಗುಣ!" ಅಂದಳು.

ಬರೆದಿಟ್ಟಿದ್ದೇವೆಂದು ಗಂಡನ ಕೈಯಲ್ಲಿ ಹೇಳಿ ಕಳಿಸಿದ ಮೇಲೆ ತಾಳಿಕೋಟೆಯ ಮಿಸ್ತ್ರಿ ಬಸ್ಸಿಳಿದು ಬಂದರು. ಬಾಗಿಲ ಹಿಂಬದಿಯನ್ನು ನನ್ನಿಂದ ಓದಿಸಿಕೊಂಡು, ಪೆಟ್ಟಿಗೆ ಬಿಚ್ಚಿ, ಒಳಗಿನ ಮೂರು ಸಣ್ಣ ಲೋಹದ ಪಟ್ಟಿಗಳನ್ನು ನನಗೆ ತೋರಿಸಿದರು.

"ನೋಡು ತಂಗಿ, ಇವು ಕಾದ್ರ ಬಾಗತಾವ, ಬಾಗಿದ್ರ ಕರೆಂಟ ಕಡೀತಾವ. ಮೋಟಾರ ಸುಡಬಾರದಂತ ಹಿಂಗ ಇಟ್ಟಿರ್ತಾರ. ಕಾವು ಮೋಟಾರಿಂದು ಬಂತೋ ಸೂರ್ಯಂದು ಬಂತೋ ಇವಕ್ಕ ಏನ ಗೊತ್ತು? ಪಾಪ, ತಮ್ಮ ಕೆಲಸ ಮಾಡ್ಯಾವ."

ಅತ್ತೆಯವರು ತಕ್ಷಣ ಬೆಳಕಿಂಡಿಗೆ ಮತ್ತೆ ತಗಡು ಹಾಕಿಸುತ್ತೇನೆಂದರು. ಬೆಳಕಿಗೆ ರೂಢಿಯಾಗಿದ್ದ ಹೆಂಗಸರೆಲ್ಲ ಬೇಡವೆಂದು ಕೂಗಿದರು. ಮಿಸ್ತ್ರಿ ಪೆಟ್ಟಿಗೆಯನ್ನೇ ಪಡುವಣ ಗೋಡೆಯ ಮೂಲೆಗೆ, ಬೆಳಕಿಂಡಿಯ ಬಿಸಿಲು ಯಾವ ಹೊತ್ತಿಗೂ ಮುಟ್ಟದಲ್ಲಿಗೆ ಸರಿಸಿದರು. ಮೊಳೆ ಹೊಡೆದದ್ದು, ತಂತಿ ಹಿಡಿದದ್ದು ನಾನು. ಎಲ್ಲ ಮುಗಿದಾಗ ಅತ್ತೆಯವರು ದೊಡ್ಡಕ್ಕನನ್ನು ಕರೆದು, "ಹಚ್ಚು," ಅಂದರು. ಅಂಥ ಹೊಸ ಕೆಲಸಕ್ಕೆ ಆಕೆಯ ಕೈ ಹಚ್ಚಿಸಿದವರು ಊರಲ್ಲಿ ಅಲ್ಲಿಯವರೆಗೆ ಇರಲಿಲ್ಲ. ದೊಡ್ಡಕ್ಕ ಕೈಯನ್ನು ಕಂಬಳಿಗೆ ಒರೆಸಿಕೊಂಡು ಹೆಬ್ಬೆರಳಿನಿಂದ ಹಸಿರು ಗುಂಡಿ ಒತ್ತಿದಳು. ಗಿರಣಿ ಹೊರಟಿತು. ಚಿಗವ್ವ ಎಲ್ಲರಿಗಿಂತ ಮೊದಲು ತನ್ನ ಬುಟ್ಟಿ ಮುಂದೆ ತಳ್ಳಿದಳು.

ಆ ಬೇಸಿಗೆಯಲ್ಲೇ ಭೀಮಾ ದಂಡೆಯ ದೇವಣಗಾಂವದಿಂದ ಅತ್ತೆಯವರ ತಮ್ಮ ಹೇಳಿ ಕಳಿಸಿದರು. ಹೊಳೆಯ ನೀರೆತ್ತುವ ಅವರ ಪಂಪು ನಡುನಡುವೆ ನಿಲ್ಲುತ್ತಿದೆ, ಗಿರಣಿಯ ರೋಗ ಕಂಡುಹಿಡಿದ ಸೊಸೆಯನ್ನು ಕಳಿಸಿರಿ ಅಂತ. ಅತ್ತೆಯವರು ರೊಟ್ಟಿ, ಎಣ್ಣಿಗಾಯಿ, ಶೇಂಗಾ ಚಟ್ನಿ ಕಟ್ಟಿಕೊಂಡು ತಾವೂ ಹೊರಟರು. ಹೋಗಿ, ಲೈನಿನ ಕರೆಂಟು ತೆಗೆಸಿ, ಸ್ಟಾರ್ಟರ್ ಮುಚ್ಚಳ ಬಿಚ್ಚಿದರೆ ಒಳಗೆ ಕೆಂಪಿರುವೆಗಳು ಸಂಸಾರ ಹೂಡಿದ್ದವು. ಒಂದಕ್ಕೊಂದು ತಾಗಬೇಕಾದ ಎರಡು ತಾಮ್ರದ ತುದಿಗಳ ನಡುವೆಯೇ ಅವುಗಳ ಮೊಟ್ಟೆ. ಹಳೆಯ ಕುಂಚದಿಂದ ಗುಡಿಸಿ, ತುದಿಗಳನ್ನು ಉಜ್ಜಿ, ಮುಚ್ಚಳದ ಸಂದಿಗೆ ಬಟ್ಟೆ ತುರುಕಿ, ಕರೆಂಟು ಮತ್ತೆ ಹಾಕಿಸಿ ಗುಂಡಿ ಒತ್ತಿದೆ. ಕೊಳವೆ ಎರಡು ಸಲ ಕೆಮ್ಮಿ, ಹೊಳೆಯ ನೀರನ್ನು ಕಾಲುವೆಗೆ ಸುರಿಯಿತು. ಅತ್ತೆಯವರು ಸೀರೆಯ ನಿರಿಗೆ ಎತ್ತಿ ಹಿಡಿದು ಆ ನೀರಿನಲ್ಲಿ ಇಳಿದರು, ನನ್ನನ್ನೂ ಎಳೆದುಕೊಂಡರು. ಕಾಲುವೆಯ ದಂಡೆಯ ಮೇಲೆ ಕೂತು, ಕಾಲು ನೀರಿನಲ್ಲಿ ಇಳಿಬಿಟ್ಟು, ಕಟ್ಟಿ ತಂದ ರೊಟ್ಟಿಯನ್ನೆಲ್ಲ ಇಬ್ಬರೇ ಮುಗಿಸಿದೆವು.